ರಾಕರ್ ಆರ್ಮ್ ಅನುಪಾತ 1.5ರಿಂದ 1.6ಕ್ಕೆ: ವಾಲ್ವ್ ಲಿಫ್ಟ್ ಎಷ್ಟು ಹೆಚ್ಚುತ್ತದೆ?

ಪ್ರಶ್ನೆ
ಶೆವ್ರೊಲೆ 350 ವಿ8 ಎಂಜಿನ್ನೊಂದನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದೇನೆ. ಇದರ ಇನ್‌ಟೇಕ್ ಲೋಬ್‌ನ (ಗಾಳಿ ಒಳಬಿಡುವ ವಾಲ್ವನ್ನು ತೆರೆಸುವ, ಕ್ಯಾಮ್‌ಶಾಫ್ಟಿನ ಮೇಲಿನ ಉಬ್ಬು) ಲಿಫ್ಟ್, ಅಂದರೆ ಎತ್ತುವ ಎತ್ತರ, 0.260 ಇಂಚು; ತಗಡಿನ ಹಳೆಯ ರಾಕರ್‌ಗಳು 1.5 ಅನುಪಾತದವು. ಕ್ಯಾಮ್‌ಶಾಫ್ಟ್ ಮುಟ್ಟದೆ 1.6ರ ರಾಕರ್‌ಗಳನ್ನಷ್ಟೇ ಹಾಕಿದರೆ ನಿಜವಾದ ಪ್ರಯೋಜನವಿದೆಯೇ?

ಉತ್ತರ 1
ಇದೆ. ರಾಕರ್ ಎಂದರೆ ಪುಶ್‌ರಾಡಿನ (ಲೋಬಿನ ಚಲನೆಯನ್ನು ಮೇಲಕ್ಕೊಯ್ಯುವ ಸರಳು) ಒತ್ತನ್ನು ವಾಲ್ವಿಗೆ ದಾಟಿಸುವ ಸನ್ನೆಕೋಲು. ಆಧಾರಬಿಂದುವಿನಿಂದ ವಾಲ್ವ್ ತುದಿಗಿರುವ ದೂರವನ್ನು, ಪುಶ್‌ರಾಡ್ ಕೂರುವ ಗುಳಿಗಿರುವ ದೂರದಿಂದ ಭಾಗಿಸಿದರೆ ಬರುವುದೇ ಅನುಪಾತ. ನಿಮ್ಮ ಲಿಫ್ಟ್ 0.390 ಇಂಚಿನಿಂದ 0.416ಕ್ಕೆ ಏರುತ್ತದೆ, ಅಂದರೆ ಸುಮಾರು 0.66 ಮಿಲಿಮೀಟರ್ ಹೆಚ್ಚು. ಆದರೆ ಇದನ್ನು ಗರಿಷ್ಠ ಲಿಫ್ಟಿನ ಲೆಕ್ಕವೆಂದು ಮಾತ್ರ ನೋಡಬೇಡಿ: ವಾಲ್ವ್ ಸೀಟು ಬಿಟ್ಟ ಗಳಿಗೆಯಿಂದ ಮರಳಿ ಕೂರುವವರೆಗೆ ಪ್ರತಿ ಡಿಗ್ರಿಯಲ್ಲೂ ಮೊದಲಿಗಿಂತ ಶೇ. 6.7ರಷ್ಟು ಹೆಚ್ಚು ತೆರೆದಿರುತ್ತದೆ, ತೆರೆದು ಮುಚ್ಚುವ ಕಾಲ ಮಾತ್ರ ಬಹುತೇಕ ಬದಲಾಗುವುದಿಲ್ಲ. ವಾಲ್ವ್ 1.94 ಇಂಚಿನದಾದರೆ ಅದರ ವ್ಯಾಸದ ಕಾಲುಭಾಗ 0.485. ಲಿಫ್ಟ್ ಅಲ್ಲಿಗೆ ಮುಟ್ಟುವವರೆಗೂ ಗಾಳಿಗೆ ಇಕ್ಕಟ್ಟಾಗುವುದು ವಾಲ್ವಿನ ಸುತ್ತಲಿನ ಸಂದಿಯೇ.

ಉತ್ತರ 2
ಲೆಕ್ಕವನ್ನು ಒಪ್ಪುತ್ತೇನೆ, ನನ್ನ ಕಳವಳವೆಲ್ಲ ಪುಶ್‌ರಾಡ್ ಕಡೆಯದು. 1.6ರ ರಾಕರಿನಲ್ಲಿ ಗುಳಿಯು ಸ್ಟಡ್ಡಿಗೆ (ರಾಕರನ್ನು ಹಿಡಿದಿರುವ ಬೋಲ್ಟು) ಹತ್ತಿರವಿರುವುದರಿಂದ ಪುಶ್‌ರಾಡ್ ಆ ಕಡೆಗೆ ವಾಲುತ್ತದೆ, ಹಳೆಯ ಸಿಲಿಂಡರ್ ಹೆಡ್ಡುಗಳ ಕಿರಿದಾದ ರಂಧ್ರದ ಅಂಚಿಗೆ ಉಜ್ಜಲೂಬಹುದು. ಎಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ, ಹದಿನಾರು ಪುಶ್‌ರಾಡ್‌ಗಳನ್ನೂ ಒಂದೊಂದಾಗಿ ನೋಡಿ. ಉಜ್ಜಿದರೆ ರಂಧ್ರವನ್ನು ಅರದಿಂದ ಉದ್ದ ಮಾಡಬೇಕಾಗುತ್ತದೆ. ಲೋಹದ ಪುಡಿ ಎಂಜಿನ್ನಿಗೆ ಬೀಳದಂತೆ ಹೆಡ್ ಇಳಿಸಿಯೇ ಆ ಕೆಲಸ ಮಾಡಿ. ಸ್ಪ್ರಿಂಗಿನ ಬಲವೂ ಪುಶ್‌ರಾಡಿನ ಮೇಲೆ 1.6 ಪಟ್ಟಾಗಿ ಬೀಳುತ್ತದೆ. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗ್ ಸುರುಳಿಗಳ ನಡುವೆ ಒಟ್ಟು 0.060 ಇಂಚು, ರಿಟೇನರ್ (ಸ್ಪ್ರಿಂಗನ್ನು ಮೇಲಿಂದ ಹಿಡಿಯುವ ಬಿಲ್ಲೆ) ಮತ್ತು ವಾಲ್ವ್ ಕಾಂಡದ ಆಯಿಲ್ ಸೀಲಿನ ನಡುವೆಯೂ ಅಷ್ಟೇ ತೆರಪು ಉಳಿಸುವುದು ರೂಢಿ. ಪಿಸ್ಟನ್ನಿಗೆ ವಾಲ್ವ್ ಅತಿ ಸಮೀಪ ಬರುವುದು ಪೂರ್ಣ ಲಿಫ್ಟಿನಲ್ಲಲ್ಲ, ಎರಡೂ ವಾಲ್ವ್‌ಗಳು ತುಸು ತೆರೆದಿರುವ ಓವರ್‌ಲ್ಯಾಪ್ ಹೊತ್ತಿನಲ್ಲಿ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ಬಲ ಕಡಿಮೆಯಿರುವ ಸ್ಪ್ರಿಂಗ್ ಹಾಕಿ, ವಾಲ್ವಿನ ಮೇಲೆ ಡಯಲ್ ಗೇಜ್ ಇಟ್ಟು ಹಳೆಯ ರಾಕರಿನಲ್ಲೇ ಅಳೆದೆ. 0.390 ಬರಬೇಕಿದ್ದಲ್ಲಿ 0.382 ಇಂಚು ಮಾತ್ರ ಬಂದಿದೆ.

ಉತ್ತರ 1
ಹಾಗಾದರೆ ನಿಮಗೆ ಸಿಗುತ್ತಿರುವ ಅನುಪಾತ 1.47 ಮಾತ್ರ. ತಗಡನ್ನು ಒತ್ತಿ ಮಾಡಿದ ರಾಕರ್‌ಗಳಲ್ಲಿ ಇಂಥ ಕೊರತೆ ಅಪರೂಪವೇನಲ್ಲ. ಈಗ ರಾಕರ್ ತೆಗೆದು, ಪುಶ್‌ರಾಡಿನ ತುದಿಯಲ್ಲೇ ಗೇಜ್ ಇಟ್ಟು ಮತ್ತೊಮ್ಮೆ ಅಳೆಯಿರಿ. ಅಲ್ಲಿ 0.260 ಪೂರ್ತಿ ಬಂದರೆ ಕೊರತೆ ರಾಕರಿನದು. ಬಾರದಿದ್ದರೆ ಲೋಬ್ ಸವೆದಿದೆ, ಆಗ ಮೊದಲು ಬದಲಿಸಬೇಕಾದದ್ದು ಕ್ಯಾಮ್‌ಶಾಫ್ಟನ್ನು.