ವೈನ್ ಮಷೀನ್: ಮೊದಲ ಗ್ಲಾಸ್ ಯಾಕೆ ಹುಳಿ ನಾರುತ್ತೆ

ಅಕ್ಕ, ತೆರೆದ ಬಾಟಲಿಗೆ ಗ್ಯಾಸ್ ಬಿಟ್ಟು ನಲ್ಲಿಯಿಂದ ಗ್ಲಾಸ್ ಗ್ಲಾಸಾಗಿ ವೈನ್ ಕೊಡೋ ನಿಮ್ಮ ಮಷೀನಿಗೆ ಗ್ಯಾಸ್ ಕಾರ್ಟ್ರಿಡ್ಜ್ ಹೊಸದು ಹಾಕಿದ್ರೂ ಮೂರನೇ ದಿನಕ್ಕೆ ಮೊದಲ ಗ್ಲಾಸ್ ವಿನೆಗರ್ ಥರ ನಾರುತ್ತೆ, ಎರಡನೇದು ಚೆನ್ನಾಗಿರುತ್ತೆ ಅಂತ ಕೇಳಿದ್ರಲ್ಲ. ಎರಡನೇದು ಚೆನ್ನಾಗಿದೆ ಅಂದ್ರೆ ಬಾಟಲಲ್ಲಿರೋ ವೈನ್ ಕೆಟ್ಟಿಲ್ಲ. ಕಾರ್ಟ್ರಿಡ್ಜಲ್ಲಿರೋ ಆರ್ಗಾನ್ ಗ್ಯಾಸ್, ಬಾಟಲೊಳಗಿನ ವೈನಿಗೆ ಮಾತ್ರ ಗಾಳಿ ತಾಗದ ಹಾಗೆ ಕಾಪಾಡುತ್ತೆ. ನಲ್ಲಿ ಬಾಯಲ್ಲಿ ಉಳಿದ ಹನಿಗೆ ಗಾಳಿ ತಾಗ್ತಾನೇ ಇರುತ್ತೆ, ಅಲ್ಲಿ ಬ್ಯಾಕ್ಟೀರಿಯಾ ಸೇರಿ ಆಲ್ಕೋಹಾಲನ್ನ ಅಸಿಟಿಕ್ ಆಸಿಡ್, ಅಂದ್ರೆ ವಿನೆಗರಿನ ಹುಳಿ, ಮಾಡಿಬಿಡುತ್ತೆ.

ಹಾಗಾಗಿ ದಿನಾ ರಾತ್ರಿ ನಲ್ಲಿ ಬಾಯಿನ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒಳಅಂಚಿನವರೆಗೂ ಒರೆಸಿ, ಕೆಳಗಿನ ಟ್ರೇನೂ ತೊಳೆದಿಡಿ. ಬಾಟಲ್ ಬದಲಾಯಿಸುವಾಗೆಲ್ಲ, ಖಾಲಿ ಬಾಟಲಿಗೆ ಕಾಲು ಲೀಟರ್ ಬಿಸಿನೀರು ತುಂಬಿ ಮಷೀನಿಗೆ ಹಾಕಿ, ಪೂರ್ತಿ ನಲ್ಲಿಯಿಂದ ಬಿಡಿ. ನೀರು 50 ಡಿಗ್ರಿ ಇದ್ರೆ ಸಾಕು. ಕುದಿಯೋದು ಹಾಕಿದ್ರೆ ಪ್ಲಾಸ್ಟಿಕ್ ಸೊಟ್ಟಗಾಗಿ ಪೈಪ್ ಕಚ್ಚೋ ಜಾಗ ಸಡಿಲ ಆಗುತ್ತೆ. ಸಿಹಿ ವೈನ್ ಆದ್ಮೇಲಂತೂ ಎರಡು ಸಲ ಬಿಡಿ, ಸಕ್ಕರೆ ಅಂಟಿಕೊಂಡಿರುತ್ತೆ.

ತಿಂಗಳಿಗೊಮ್ಮೆ ಬಿಚ್ಚಿ ತೊಳೀಬೇಕು. ಮೊದಲು ಗ್ಯಾಸ್ ಮುಚ್ಚಿ, ಒಳಗಿನ ಒತ್ತಡ ಬಿಟ್ಟು, ಪ್ಲಗ್ ತೆಗೆದು, ಆಮೇಲೆ ಬಿಚ್ಚಿ. ಕಾರ್ಟ್ರಿಡ್ಜನ್ನ ಮಾತ್ರ ಗ್ಯಾಸ್ ಇನ್ನೂ ಉಳಿದಿರುವಾಗ ತಿರುಗಿಸಿ ತೆಗೀಬೇಡಿ, ತೂತು ಬಿದ್ದಿರೋದ್ರಿಂದ ಗ್ಯಾಸೆಲ್ಲ ಹೊರಟೋಗುತ್ತೆ. ಬಾಟಲಿಗಿಳಿಯೋ ಪೈಪ್, ನಲ್ಲಿ ಬಾಯಿ ಇವನ್ನ ಅಗಲ ಪಾತ್ರೆಯಲ್ಲಿ ಲೀಟರ್ ಬಿಸಿನೀರಿಗೆ 5 ಗ್ರಾಂ ಸೋಡಿಯಂ ಪರ್ಕಾರ್ಬೋನೇಟ್ (ಕೊಳೆ ಬಿಡಿಸೋ ಬಿಳೀ ಪುಡಿ) ಹಾಕಿ 20 ನಿಮಿಷ ನೆನೆಸಿ. ಅಲ್ಯೂಮಿನಿಯಂ ಭಾಗ ಇದ್ರೆ ಅದನ್ನ ಇದರಲ್ಲಿ ಹಾಕ್ಬೇಡಿ, ಕಪ್ಪಾಗುತ್ತೆ. ಆ ದ್ರಾವಣಾನ ಮುಚ್ಚಿದ ಬಾಟಲಲ್ಲಿ ಇಡಲೇಬಾರದು, ಆಮ್ಲಜನಕ ಬಿಟ್ಟು ಉಬ್ಬುತ್ತೆ. ಪೈಪೊಳಗೆ ತೆಳು ನೈಲಾನ್ ಬ್ರಷ್ ಆಡಿಸಿ, ಆಮೇಲೆ ಮೂರು ಸಲ ಬರೀ ನೀರು. ಬಿಳೀ ಹರಳು ಕಂಡ್ರೆ ಗಾಬರಿ ಬೇಡ, ಅದು ವೈನಿನದೇ ಟಾರ್ಟ್ರೇಟ್, ಅಂದ್ರೆ ವೈನಿನ ಹುಳಿ ಹರಳುಗಟ್ಟಿದ್ದು, ಬಿಸಿನೀರಿಗೆ ಕರಗುತ್ತೆ. ಸೂಜಿಯಿಂದ ಕೆರೆದ್ರೆ ಗೀರು ಬಿದ್ದು ಮುಂದೆ ಕೊಳೆ ಅಲ್ಲೇ ಕೂರುತ್ತೆ.

ಪಾತ್ರೆ ಸೋಪು ಬೇಡ, ಅದರ ಪರಿಮಳ ಸಿಲಿಕೋನ್ ಪೈಪಲ್ಲಿ ಉಳಿದುಬಿಡುತ್ತೆ. ಬ್ಲೀಚಂತೂ ಬೇಡವೇ ಬೇಡ, ಸ್ಟೀಲನ್ನ ತಿನ್ನುತ್ತೆ.

ಭಾಗಗಳು ಸೇರೋ ಜಾಗದಲ್ಲಿ ಸೋರದ ಹಾಗೆ ಹಾಕಿರೋ ರಬ್ಬರ್ ರಿಂಗ್ ಬಗ್ಗೆ ಯಾರೂ ಗಮನ ಕೊಡಲ್ಲ, ಗ್ಯಾಸ್ ಬೇಗ ಖಾಲಿ ಆಗೋದು ಹೆಚ್ಚಾಗಿ ಅಲ್ಲೇ. ಬೆರಳಲ್ಲಿ ತಿರುಗಿಸಿ ನೋಡಿ. ದುಂಡಗಿರಬೇಕಾದ ಅಂಚು ಒಂದು ಕಡೆ ಚಪ್ಪಟೆಯಾಗಿ ಹೊಳೀತಿದ್ರೆ, ಎಳೆದಾಗ ಸಣ್ಣ ಬಿರುಕು ಬಾಯಿ ಬಿಟ್ರೆ, ಬದಲಾಯಿಸಿ. ಕರೀ ರಬ್ಬರಾದ್ರೆ ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ಅಕ್ಕಿಕಾಳಿನಷ್ಟು ಸವರಿ. ರಿಂಗೇ ಸಿಲಿಕೋನಿನದಾದ್ರೆ ಗ್ರೀಸ್ ಬೇಡ, ಉಬ್ಬಿಕೊಳ್ಳುತ್ತೆ, ನೀರಲ್ಲಿ ಒದ್ದೆ ಮಾಡಿ ಕೂರಿಸಿ. ವ್ಯಾಸಲೀನು, ಅಡುಗೆ ಎಣ್ಣೆ ಎರಡೂ ಬೇಡ.

ಎಲ್ಲಾ ಪೂರ್ತಿ ಒಣಗಿದ ಮೇಲೆ ಜೋಡಿಸಿ, ಗ್ಯಾಸ್ ಬಿಟ್ಟು, ಗ್ಯಾಸ್ ಬರೋ ಕಡೆಯ ಸೇರೋ ಜಾಗಕ್ಕೆ ಹೊರಗಿಂದ ಸೋಪ್ ನೀರು ಹಚ್ಚಿ. ಒಂದು ನಿಮಿಷದಲ್ಲಿ ಗುಳ್ಳೆ ಬೆಳೀತಿದ್ರೆ ಅಲ್ಲೇ ಸೋರ್ತಿದೆ. ಹಿಂದಿನ ಫ್ಯಾನ್ ಜಾಲರಿ ಧೂಳು ಒಣ ಬ್ರಷ್ಷಿಂದ ತೆಗೀರಿ, ಕಟ್ಟಿಕೊಂಡ್ರೆ ತಂಪಾಗಲ್ಲ. ಕೊನೆಗೆ ತಣ್ಣೀರು ಒಂದು ಗ್ಲಾಸ್ ಬಿಟ್ಟು ಮೂಸಿ ನೋಡಿ. ಏನೂ ವಾಸನೆ ಇಲ್ಲಾಂದ್ರೆ ಹೊಸ ಬಾಟಲ್ ಹಾಕ್ಬಹುದು.