ಜರ್ಮನಿಯಲ್ಲಿ ಪಿಎಚ್‌ಡಿ ಸೀಟು: ಪ್ರಶ್ನೋತ್ತರ

ಡಾ. ಶೈಲಜಾ (ಜರ್ಮನಿಯ ಕೆಮಿಸ್ಟ್ರಿ ಲ್ಯಾಬ್ ಒಂದರಲ್ಲಿ ಗ್ರೂಪ್ ಲೀಡರ್): ಸೈನ್ಸ್ ಓದಿದವರು ಏನಿದ್ದರೂ ಈ ಗ್ರೂಪಲ್ಲೇ ಕೇಳಿ.

ಮಂಜುನಾಥ್: ಬಿಎಸ್ಸಿ ಮುಗಿದಿದೆ ಮೇಡಂ, ನೇರ ಪಿಎಚ್‌ಡಿ ಸಿಗುತ್ತಾ?

ಶೈಲಜಾ: ಸಾಮಾನ್ಯವಾಗಿ ಇಲ್ಲ. ಎಂಎಸ್ಸಿ ಮಾಡಿ.

ಕಾವ್ಯಾ: ಮೇಡಂ, ಧಾರವಾಡದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮಾಡಿದ್ದೇನೆ. ಒಬ್ಬ ಪ್ರೊಫೆಸರ್ ಗೈಡ್ ಆಗಲು ಒಪ್ಪಿ ಪತ್ರ ಕೊಟ್ಟಿದ್ದಾರೆ. ಬ್ಲಾಕ್ಡ್ ಅಕೌಂಟ್‌ಗೆ (ವೀಸಾಗಾಗಿ ಖರ್ಚಿನ ಹಣ ಮೊದಲೇ ಇಡುವ ಖಾತೆ) ಅಂತ ಅಪ್ಪ ಹೊಲದ ಮೇಲೆ ಸಾಲ ತೆಗೆಯಲು ಹೊರಟಿದ್ದಾರೆ. ಸೇರಿದ ಮೇಲೆ ಸಂಬಳ ಶುರುವಾಗುತ್ತೆ ಅಲ್ವಾ?

ಶೈಲಜಾ: ಕಾವ್ಯಾ, ಮೊದಲು ಆ ಸಾಲ ನಿಲ್ಲಿಸಿ. ನಿಮ್ಮ ಕೈಲಿರುವುದು ಗೈಡ್ ಒಪ್ಪಿಗೆ ಪತ್ರ ಅಷ್ಟೇ, ಕೆಲಸದ ಕರಾರಲ್ಲ. ಇಲ್ಲಿ ಗೈಡ್ ಸಿಗುವುದೇ ಬೇರೆ, ಹಣ ಸಿಗುವುದೇ ಬೇರೆ. ಯೂನಿವರ್ಸಿಟಿ ಸಂಬಳ ಕೊಡುವುದಿದ್ದರೆ ಟಿವಿ-ಎಲ್ ಇ13 (ಇಲ್ಲಿನ ಸರ್ಕಾರಿ ವೇತನ ಶ್ರೇಣಿ), ಪೂರ್ತಿ ಸಂಬಳದ ಶೇ. 50 ಅಥವಾ 65, ಇಷ್ಟು ತಿಂಗಳು ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಆ ಸಂಬಳ ಇರುವವರಿಗೆ ಬ್ಲಾಕ್ಡ್ ಅಕೌಂಟ್ ಗೊಡವೆಯೇ ಇರುವುದಿಲ್ಲ. ಅದಕ್ಕೆ ಹಾಕುವ 11,904 ಯೂರೋ ಒಂದು ವರ್ಷದ ಖರ್ಚಿಗೆ, ಕೆಮಿಸ್ಟ್ರಿ ಪಿಎಚ್‌ಡಿಗೆ ಮೂರು ನಾಲ್ಕು ವರ್ಷ ಬೇಕು, ಮಿಕ್ಕ ವರ್ಷ ಏನು ಮಾಡ್ತೀರಿ? ಇವತ್ತೇ ಎರಡು ಸಾಲು ಮೇಲ್ ಹಾಕಿ: ಹಣ ಯಾವ ಪ್ರಾಜೆಕ್ಟ್‌ನಿಂದ, ಎಷ್ಟು ತಿಂಗಳಿಗೆ. ಹೀಗೆ ಕೇಳಿದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ‘ಬಂದ ಮೇಲೆ ನೋಡೋಣ’ ಅಂದರೆ ಹೋಗಬೇಡಿ. ಪತ್ರ ಮಾತ್ರ ಇಟ್ಟುಕೊಳ್ಳಿ, ಡಾಡ್ (ಡಿಎಎಡಿ, ವಿದೇಶಿ ವಿದ್ಯಾರ್ಥಿಗಳಿಗೆ ಹಣ ಕೊಡುವ ಜರ್ಮನ್ ಸಂಸ್ಥೆ) ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವಾಗ ಬೇಕಾಗುತ್ತೆ.

ಪ್ರವೀಣ್: ಫಾರ್ವರ್ಡ್: ‘ಈ ಮೇಲ್ 300 ಪ್ರೊಫೆಸರ್‌ಗಳಿಗೆ ಕಳಿಸಿ, ಪಿಎಚ್‌ಡಿ ಗ್ಯಾರಂಟಿ.’

ಶೈಲಜಾ: ದಯವಿಟ್ಟು ಡಿಲೀಟ್ ಮಾಡಿ. ‘ರೆಸ್ಪೆಕ್ಟೆಡ್ ಸರ್’ ಅಂತ ಶುರುವಾಗುವ ಇದೇ ಮೇಲ್ ನನಗೂ ಬರುತ್ತೆ. ನಾನು ಸರ್ ಅಲ್ಲ. ಕೆಲವದರಲ್ಲಿ ಪಕ್ಕದ ಲ್ಯಾಬಿನವರ ಹೆಸರು ಬೇರೆ ಹಾಗೇ ಉಳಿದಿರುತ್ತೆ! ಯೂನಿವರ್ಸಿಟಿ ಪುಟ, ಅಕಾಡೆಮಿಕ್ಸ್ ಡಾಟ್ ಡಿಇ, ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯ ಪಿಎಚ್‌ಡಿ ಶಾಲೆಗಳಾದ ಐಎಂಪಿಆರ್‌ಎಸ್, ಇಲ್ಲೆಲ್ಲ ಜಾಹೀರಾತು ಇರುತ್ತೆ, ನೋಡಿ ಹಾಕಿ.

ಸುನಿಲ್: ಸಂಬಳ ಶೇ. 65, ಕೆಲಸ ಮಾತ್ರ ಪೂರ್ತಿ. ಇದಕ್ಕೆ ಅಷ್ಟು ದೂರ ಹೋಗಬೇಕಾ? ಇಲ್ಲೇ ಭಾರತದಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂ. ಇದೆ.

ಅರುಣ್: ನಿಮಗೆ ಸಿಕ್ಕಿದೆಯಾ?

ಸುನಿಲ್: ಸಿಕ್ಕಿದೆ. ತಿಂಗಳುಗಟ್ಟಲೆ ತಡ ಆಗುತ್ತೆ, ಆದ್ರೂ ಬರುತ್ತೆ.

ಅರುಣ್: ತಡ ಆದ್ರೆ ಬಾಡಿಗೆ ಯಾರು ಕಟ್ತಾರೆ ಗುರುವೇ?

ಸುನಿಲ್: ನಿಮ್ಮನ್ನಂತೂ ಕೇಳಿಲ್ಲ.

ನಸ್ರೀನ್: ಮೇಡಂ, ಗಂಡ, ಮಗು ಜೊತೆಗೇ ಬರಬಹುದಾ?

ಲೋಹಿತ್: ಬಿಎಸ್ಸಿ ಮೇಲೆ ಡೈರೆಕ್ಟ್ ಪಿಎಚ್‌ಡಿ ಆಗುತ್ತಾ?

ಶೈಲಜಾ: ಮೇಲೆ ಓದಿ.

ಪ್ರವೀಣ್: ಜರ್ಮನ್ ಭಾಷೆ ಬಿ2 ಮಟ್ಟ ಕಡ್ಡಾಯ ಅಂತ ಇನ್ನೊಂದು ಗ್ರೂಪಲ್ಲಿ ಬಂದಿತ್ತು.

ಶೈಲಜಾ: ನಮ್ಮ ಲ್ಯಾಬಲ್ಲಿ ಮಾತು, ಥೀಸಿಸ್ ಎಲ್ಲ ಇಂಗ್ಲಿಷ್. ಜಾಹೀರಾತಲ್ಲಿ ಏನು ಕೇಳಿದ್ದಾರೋ ಅದು ಓದಿ. ಆ ಗ್ರೂಪೇ ಸರಿ ಅನ್ನಿಸಿದ್ರೆ ಅಲ್ಲೇ ಕೇಳ್ಕೊಳ್ಳಿ ಪ್ರವೀಣ್.

ಕಾವ್ಯಾ: ಮೇಡಂ, ಪ್ರೊಫೆಸರ್ ಉತ್ತರ ಬಂತು. ‘ಸದ್ಯ ಹಣ ಇಲ್ಲ, ಮುಂದಿನ ವರ್ಷ ಡಿಎಫ್‌ಜಿಗೆ (ಸಂಶೋಧನೆಗೆ ಹಣ ಕೊಡುವ ಜರ್ಮನ್ ಸಂಸ್ಥೆ) ಅರ್ಜಿ ಹಾಕುತ್ತೇನೆ’ ಅಂದಿದ್ದಾರೆ.

ಶೈಲಜಾ: ಪಾಪ, ಇದ್ದಿದ್ದು ಹೇಳಿದ್ದಾರೆ. ಆ ಅರ್ಜಿ ಮಂಜೂರಾಗಲು ಮತ್ತೆ ಎಷ್ಟೋ ತಿಂಗಳು, ಆಗದೇ ಹೋಗಲೂಬಹುದು. ಅದನ್ನು ನಂಬಿ ಕೂರಬೇಡಿ, ಡಾಡ್, ಐಎಂಪಿಆರ್‌ಎಸ್ ಎರಡಕ್ಕೂ ಹಾಕಿ.

ಕಾವ್ಯಾ: ಅಪ್ಪ ಊರಲ್ಲೆಲ್ಲ ಹೇಳಿಬಿಟ್ಟಿದ್ದಾರೆ. ನಾನು ಹೇಳಿದ್ರೆ ಕೇಳಲ್ಲ. ನೀವೊಂದು ವಾಯ್ಸ್ ಮೆಸೇಜ್ ಕಳಿಸ್ತೀರಾ?

ಶೈಲಜಾ: ಕಳಿಸ್ತೀನಿ. ನಂಬರ್ ಇಲ್ಲಿ ಹಾಕಬೇಡಿ, ಗ್ರೂಪಲ್ಲಿ ಏಜೆಂಟರು ಇದ್ದಾರೆ.