‘ರಿಮ್‌ಫೈರ್’ ತೋಟಾಕ್ಕೆ ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

ಅಮೆರಿಕದಲ್ಲಿ ನೆಲೆಸಿರುವ ನನ್ನ ಭಾವನವರಿಗೆ ಹಳೆಯ ಪಿಸ್ತೂಲುಗಳ ‘ರಿಮ್‌ಫೈರ್ ಕನ್ವರ್ಷನ್ ಕಿಟ್’ಗಳನ್ನು (ದೊಡ್ಡ ಪಿಸ್ತೂಲಿನಲ್ಲಿ ಚಿಕ್ಕ ತೋಟಾ ಹೊಡೆಯಲು ಜೋಡಿಸುವ ಬದಲಿ ಭಾಗಗಳನ್ನು) ಸಂಗ್ರಹಿಸುವ ಹವ್ಯಾಸವಿದೆ. ಅವುಗಳನ್ನು ಕಪಾಟಿನಲ್ಲಿಟ್ಟು ನೋಡುವುದಷ್ಟೇ ಅಲ್ಲ, ಬಿಡುವಾದಾಗಲೆಲ್ಲ ಶೂಟಿಂಗ್ ರೇಂಜಿಗೆ ಒಯ್ದು ಗುರಿಯಿಟ್ಟು ಹೊಡೆಯುತ್ತಾರೆ. ಅವರ ಟಿಪ್ಪಣಿಗಳನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದ್ದು, ಮೊದಲ ಪುಟದಲ್ಲಿಯೇ ಸಿಕ್ಕಿಕೊಂಡಿದ್ದೇನೆ.

ತೋಟಾದ ತಳದಲ್ಲಿ, ಪಿಸ್ತೂಲಿನೊಳಗಿನ ಮೊಳೆಯ ಪೆಟ್ಟು ಬಿದ್ದೊಡನೆ ಸಿಡಿದು ಒಳಗಿನ ಮದ್ದಿಗೆ ಕಿಡಿ ಹತ್ತಿಸುವ ಒಂದು ರಾಸಾಯನಿಕವಿರುತ್ತದೆ. ಸೆಂಟರ್‌ಫೈರ್ ತೋಟಾದಲ್ಲಿ ಅದು ತಳದ ನಟ್ಟನಡುವೆ ಕೂರಿಸಿದ ಪುಟ್ಟ ಬಟ್ಟಲಿನಲ್ಲಿರುತ್ತದೆ. ರಿಮ್‌ಫೈರ್ ತೋಟಾದಲ್ಲಿ ತಳದ ಸುತ್ತಲಿನ ಟೊಳ್ಳು ಅಂಚಿನೊಳಗೆ ತುಂಬಿರುತ್ತದೆ. ಕಳೆದ ಬಾರಿ ಹೋದಾಗ ಭಾವನವರು ಹೊಡೆದ ತೋಟಾಗಳ ಎರಡು ಖಾಲಿ ಕೊಳವೆಗಳನ್ನು ನನ್ನ ಅಂಗೈಯಲ್ಲಿಟ್ಟರು. ದೊಡ್ಡದರ ತಳದ ನಡುವೆ ಮೆಣಸಿನಕಾಳು ಒತ್ತಿ ತೆಗೆದಂಥ ಗುಳಿಯಿತ್ತು. ಅಂಗಿಯ ಗುಂಡಿಗಿಂತ ಚಿಕ್ಕದಾದ ಇನ್ನೊಂದರ ತಳ ನಯವಾಗಿದ್ದು, ಅಂಚಿನಲ್ಲಿ ಮಾತ್ರ ಉಗುರಿನಿಂದ ಚಿವುಟಿದಂಥ ಗುರುತಿತ್ತು.

ಮೊದಲು ನನಗೆ ಹೊಳೆದದ್ದು ‘ಅಂಚುಬೆಂಕಿ’. ಆದರೆ ಇಲ್ಲಿ ‘ಫೈರ್’ ಎಂದರೆ ಉರಿಯಲ್ಲ, ಸಿಡಿತ. ಮೇಲಾಗಿ ಆ ಪದ ಕೇಳಿದವರಿಗೆ ಕಾಡಿನಂಚಿನಲ್ಲಿ ಅರಣ್ಯ ಇಲಾಖೆಯವರು ಸುಡುವ ಬೆಂಕಿರೇಖೆಯೇ ನೆನಪಾದೀತು. ‘ಪರಿಧಿಸ್ಫೋಟಕ’ ಎಂದರೆ ಬೇಲಿಯ ಸುತ್ತ ಹೂತ ನೆಲಬಾಂಬು. ಗೆಳೆಯರೊಬ್ಬರು ಸೂಚಿಸಿದ ‘ಅಂಚಿನ ತೋಟಾ’ ಸರಳವಾಗಿದೆ, ಆದರೆ ವಸ್ತುವಿಗೆ ಹೊಂದುವುದಿಲ್ಲ: ರಿವಾಲ್ವರಿನಲ್ಲಿ ಬಳಸುವ .38 ಸ್ಪೆಷಲ್ ತೋಟಾಕ್ಕೂ ಹೊರಚಾಚಿದ ಅಂಚಿದೆ, ಆದರೆ ಅದು ಸೆಂಟರ್‌ಫೈರ್. ಅಂಚು ಇದೆಯೇ ಎಂಬುದಲ್ಲ, ಸಿಡಿಯುವ ವಸ್ತು ಎಲ್ಲಿದೆ ಎಂಬುದೇ ಇಲ್ಲಿನ ಭೇದ. ಅದನ್ನು ಹೇಳದ ಪದ ಎಷ್ಟು ಚೆಲುವಾಗಿದ್ದರೂ ಉಪಯೋಗವಿಲ್ಲ.

ಆ ಸಿಡಿಯುವ ವಸ್ತುವಿಗೆ ಮಲೆನಾಡಿನ ಕೋವಿಯ ಮಾತಿನಲ್ಲಿ ಪದ ಆಗಲೇ ಇದೆ: ‘ಕೇಪು’. ನಳಿಗೆಯ ಬಾಯಿಂದ ಮದ್ದು ಮತ್ತು ಚರೆ ತುಂಬಿ, ಹಿಂಬದಿಯಲ್ಲಿ ಕೇಪು ಕೂರಿಸಿ ಈಡು ಹೊಡೆಯುವುದನ್ನು ‘ಕೇಪಿನ ಕೋವಿ’ ಎನ್ನುತ್ತಾರೆ, ತೋಟಾ ಹಾಕುವುದನ್ನು ‘ತೋಟಾ ಕೋವಿ’ ಎನ್ನುತ್ತಾರೆ. ಹಾಗಾದರೆ ‘ಅಂಚುಗೇಪಿನ ತೋಟಾ’, ‘ನಡುಗೇಪಿನ ತೋಟಾ’ ಎನ್ನಬಹುದಲ್ಲವೇ? ಇತಿಹಾಸವೂ ಈ ಪದದ ಪರವಾಗಿಯೇ ಇದೆ. ಪ್ಯಾರಿಸಿನ ಬಂದೂಕು ತಯಾರಕ ಫ್ಲೋಬೇರ್ 1845ರಲ್ಲಿ ಮಾಡಿದ ರಿಮ್‌ಫೈರ್ ತೋಟಾ ಎಂದರೆ ಕೇಪಿನ ಬಾಯಿಗೆ ಸಿಕ್ಕಿಸಿದ ಪುಟ್ಟ ಗುಂಡು, ಅಷ್ಟೇ. ಅದರಲ್ಲಿ ಬೇರೆ ಮದ್ದೇ ಇರಲಿಲ್ಲ. ಇಂಗ್ಲಿಷಿನಿಂದ ಬಂದ ‘ಕೇಪಿ’ಗೆ ಆದೇಶ ಸಂಧಿ ಸಲ್ಲದು ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ, ಏಕೆಂದರೆ ಸಂಸ್ಕೃತದ ‘ಕಾಲ’ ‘ಮಳೆಗಾಲ’ದಲ್ಲಿ ಗಕಾರ ತಾಳಿದಾಗ ನಾವು ಯಾರೂ ತಕರಾರು ಮಾಡಲಿಲ್ಲ.

ಇನ್ನು ಕಿಟ್‌ನ ವಿಷಯ. .45 ಪಿಸ್ತೂಲಿನ (ಈ ಅಂಕಿ ಅಂಗುಲದಲ್ಲಿ ಗುಂಡಿನ ಸುಮಾರು ವ್ಯಾಸ) ಗುಂಡು ಸುಮಾರು 15 ಗ್ರಾಂ ತೂಗಿದರೆ, .22 ಲಾಂಗ್ ರೈಫಲ್ ತೋಟಾದ ಗುಂಡು ಎರಡೂವರೆ ಗ್ರಾಂ ಆಸುಪಾಸಿನದು. ಮೊಳೆಯ ಪೆಟ್ಟಿಗೆ ಅಂಚು ಜಜ್ಜಬೇಕಾದ್ದರಿಂದ ಅದು ತೆಳುವಾಗಿಯೇ ಇರಬೇಕು, ತೆಳುವಾದದ್ದು ಹೆಚ್ಚಿನ ಒತ್ತಡ ತಾಳದು. ಆದ್ದರಿಂದಲೇ ಈ ತೋಟಾ ಚಿಕ್ಕದು, ಅಗ್ಗದ್ದು, ಒದೆತ ಕಡಿಮೆಯದು. ಅಭ್ಯಾಸಕ್ಕೆಂದು ಅದನ್ನು ದೊಡ್ಡ ಪಿಸ್ತೂಲಿನಲ್ಲೇ ಹೊಡೆಯಲು ಸ್ಲೈಡು (ಪಿಸ್ತೂಲಿನ ಮೇಲೆ ಹಿಂದೆಮುಂದೆ ಜಾರುವ ಭಾಗ), ನಳಿಗೆ, ಸ್ಪ್ರಿಂಗು, ತೋಟಾ ತುಂಬಿಡುವ ಮ್ಯಾಗಜಿನ್‌ಗಳನ್ನು ಬದಲಿಸಿ, ಹಿಡಿಯಿರುವ ಚೌಕಟ್ಟನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತಾರೆ. (ಈ ‘ಮ್ಯಾಗಜಿನ್’ ಅನ್ನು ಅನುವಾದ ಯಂತ್ರವೊಂದು ‘ನಿಯತಕಾಲಿಕೆ’ ಮಾಡಿಕೊಟ್ಟಿತು.)

ಅಮೆರಿಕದ ಬಂದೂಕು ತಯಾರಕ ಕೋಲ್ಟ್ ಕಂಪನಿ 1931ರಲ್ಲಿ ‘ಏಸ್’ ಎಂಬ .22 ಪಿಸ್ತೂಲನ್ನು ತಂದಿತು. ಡೇವಿಡ್ ಮಾರ್ಷಲ್ ವಿಲಿಯಮ್ಸ್ ಎಂಬವರ ‘ಫ್ಲೋಟಿಂಗ್ ಚೇಂಬರ್’ 1937ರ ‘ಸರ್ವಿಸ್ ಮಾಡೆಲ್ ಏಸ್’ನಲ್ಲಿ ಬಂತು, ಅದರ ಮರುವರ್ಷ, ಇದ್ದ .45 ಪಿಸ್ತೂಲಿಗೇ ಜೋಡಿಸಬಹುದಾದ ಕಿಟ್ ಬಂತು. ತೋಟಾ ಕೂರುವ ಗೂಡೇ ನಳಿಗೆಯಿಂದ ಬಿಡಿಯಾಗಿದ್ದು, ಅನಿಲದ ಒತ್ತಡಕ್ಕೆ ತುಸು ಹಿಂದೆ ಸರಿದು ಭಾರದ ಸ್ಲೈಡನ್ನು ತಳ್ಳುತ್ತದೆ, ಕೈಗೆ ದೊಡ್ಡ ತೋಟಾದ ಒದೆತದ ರುಚಿಯನ್ನೂ ಕೊಂಚ ತೋರಿಸುತ್ತದೆ. ಇದನ್ನು ‘ತೇಲುವ ಕೋಣೆ’ ಎಂದರೆ ಕೇರಳದ ದೋಣಿಮನೆಯಾದೀತು. ‘ಜರುಗುಗೂಡು’ ಎಂದು ಬರೆದುಕೊಂಡಿದ್ದೇನೆ.

‘ಕನ್ವರ್ಷನ್’ ಎಂಬುದು ಇನ್ನೂ ತೊಡಕಿನದು. ‘ಪರಿವರ್ತನೆ’ ಎಂದೊಡನೆ ನಮ್ಮವರಿಗೆ ಕೃಷಿಭೂಮಿಯನ್ನು ಸೈಟು ಮಾಡುವುದೇ ಕಣ್ಣಮುಂದೆ ಬರುತ್ತದೆ. ಮೇಲಾಗಿ ಇಲ್ಲಿ ಯಾವುದೂ ಶಾಶ್ವತವಾಗಿ ಮಾರ್ಪಡುವುದಿಲ್ಲ. ಸಂಜೆ ಹಳೆಯ ಭಾಗಗಳನ್ನು ಮರಳಿ ಕೂರಿಸಿದರೆ ಅದು ಮತ್ತೆ .45 ಪಿಸ್ತೂಲೇ. ಏಸ್ ಪಿಸ್ತೂಲನ್ನು .45 ಮಾಡುವ ತಿರುಗುಮುರುಗಿನ ಕಿಟ್ಟನ್ನೂ ಕೋಲ್ಟ್ ಮಾಡಿತ್ತು. ಅದು ಅಪರೂಪದ್ದಾದ್ದರಿಂದ ಸಂಗ್ರಹಕಾರರಿಗೆ ಅದರ ಮೇಲೆ ಬಹಳ ಆಸೆ. ಹೀಗಾಗಿ ‘ಬದಲಿ ಸೆಟ್ಟು’ ಎಂಬುದೇ ನಿಜಕ್ಕೆ ಹತ್ತಿರವೆಂದು ನನಗೆ ತೋರುತ್ತದೆ, ಆದರೆ ಬರೆಹದಲ್ಲಿ ‘ಸೆಟ್ಟು’ ತುಸು ಸಡಿಲವೆನಿಸುತ್ತದೆ.

ಕೋವಿ ಬಳಸುವ ಮನೆಗಳಲ್ಲಿ ಬೆಳೆದವರು, ಅದರಲ್ಲೂ ಕೊಡಗು ಮತ್ತು ಮಲೆನಾಡಿನವರು, ದಯವಿಟ್ಟು ಎರಡು ವಿಷಯ ತಿಳಿಸಬೇಕು. ನಿಮ್ಮಲ್ಲಿ ತೋಟಾದ ತಳದ ಬಟ್ಟಲಿಗೂ ‘ಕೇಪು’ ಎನ್ನುತ್ತಾರೆಯೇ, ಅಥವಾ ಆ ಹೆಸರು ಹಳೆಯ ಕೋವಿಗಷ್ಟೇ ಮೀಸಲೇ? ‘ಪಾಯಿಂಟ್ ಟೂಟೂ’ ತೋಟಾವನ್ನು ಉಳಿದವುಗಳಿಂದ ಬೇರ್ಪಡಿಸಿ ಹೇಳಲು ಮನೆಮಾತಿನಲ್ಲಿ ಯಾವ ಪದವಿದೆ?